ಬಾವಲಿ ರಸ್ತೆಯಿಂದ ಬಂದ ಅತ್ತಿಗೆ

ನನ್ನ ಅಣ್ಣನಿಗೆ ಹೆಣ್ಣು ಸಿಗಲಿಲ್ಲ. ನೋಡಲು ಚೆನ್ನಾಗಿದ್ದ, ಕುಡಿತವಿರಲಿಲ್ಲ, ಮಾತು ಕಡಿಮೆ, ದುಡಿಮೆ ಜಾಸ್ತಿ. ಆದರೂ ಸಿಗಲಿಲ್ಲ. ನಮ್ಮೂರು ಹೆಗ್ಗಡದೇವನಕೋಟೆಯಿಂದ ಬಾವಲಿಗೆ ಹೋಗುವ ರಸ್ತೆಯಲ್ಲಿ ಅಂತರಸಂತೆಗೆ ಸ್ವಲ್ಪ ಮುಂಚೆ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿ. ಕೊನೆಯ ಹೊಲ ಮುಗಿಯುವ ಕಡೆ ಆನೆ ತಡೆಯಲು ತೋಡಿದ ಕಂದಕ, ಅದರಾಚೆ ಕಾಡು. ಹೆಣ್ಣಿನ ಕಡೆಯವರು ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಜಮೀನು ನೋಡಲು ಹೋಗಿ ಆ ಕಂದಕವನ್ನು ನೋಡುತ್ತಿದ್ದರು. ಆಮೇಲೆ ಅವರಿಂದ ಸುದ್ದಿಯೇ ಇರುತ್ತಿರಲಿಲ್ಲ. ಅದು ತೊಂಬತ್ತರ ದಶಕದ ನಡುಗಾಲ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೆಣ್ಣು ಹೆತ್ತವರೆಲ್ಲ ಮೈಸೂರಿನ ಫ್ಯಾಕ್ಟರಿಯಲ್ಲಿ ಕೆಲಸವಿರುವ ಗಂಡನ್ನು ಹುಡುಕುತ್ತಿದ್ದರು. ಅಣ್ಣನ ವಯಸ್ಸು ಮೂವತ್ತೈದಕ್ಕೆ ಹತ್ತಿರವಾಗಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದನ್ನೇ ಬಿಟ್ಟಿದ್ದರು.

ಆಗ ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನ ಸರ್ಕಲ್ಲಿನಲ್ಲಿ ಟೀ ಅಂಗಡಿ ಇಟ್ಟಿದ್ದ ಮಲಯಾಳಿಯೊಬ್ಬ, ನಾವೆಲ್ಲ ಕಾಕ ಎಂದು ಕರೆಯುತ್ತಿದ್ದವನು, ಒಂದು ದಿನ ಅಣ್ಣನ ಮುಂದೆ ಟೀ ಇಟ್ಟು, ತನ್ನ ಊರಿನ ಕಡೆ ಒಂದು ಹುಡುಗಿ ಇದ್ದಾಳೆಂದು ಹೇಳಿದನಂತೆ. ವೈನಾಡಿನ ಹಳ್ಳಿ. ಬೇಸಾಯಗಾರರ ಮನೆ. ಅಪ್ಪ ಇಲ್ಲ, ತಾಯಿ ಮತ್ತು ಒಬ್ಬ ತಮ್ಮ. ಹುಡುಗಿ ಹತ್ತನೇ ತರಗತಿ ಪಾಸು. ಅಲ್ಲಿ ಮದುವೆಯೆಂದರೆ ಮೈತುಂಬ ಚಿನ್ನ ಹಾಕಬೇಕು, ಇವರ ಕೈಯಲ್ಲಿ ಆಗುವುದಿಲ್ಲ.

ಅಣ್ಣ ಮನೆಗೆ ಬಂದು ಇದನ್ನು ಹೇಳಿದಾಗ ಅವ್ವ ಒಲೆಯ ಮುಂದೆ ಕೂತಿದ್ದಳು.

"ಮಾತು ಬರದೋಳ್ನ ತಂದು ಏನ್ ಮಾಡಾನ್ಲಾ?" ಎಂದಳು.

"ಮಾತು ಬರೋರೆಲ್ಲ ಒಲ್ಲೆ ಅಂದ್ರಲ್ಲವ್ವ" ಎಂದ ಅಣ್ಣ.

ಅಪ್ಪ ಜಗಲಿಯಿಂದಲೇ, "ಅವ್ರೂ ಒಲ ಉಳೋರೇ ಅಂತೆ, ಇನ್ನೇನು ಬೇಕು ಬುಡು" ಎಂದ. ಅಲ್ಲಿಗೆ ತೀರ್ಮಾನವಾಯಿತು.

ನಾನಾಗ ಕೋಟೆಯ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದೆ. ಕಾಡಿನ ನಡುವಿನ ಆ ರಸ್ತೆಯಲ್ಲಿ ಬಸ್ಸು ಮಾನಂದವಾಡಿಗೆ ಹೋಗುವುದನ್ನು ದಿನಾ ನೋಡುತ್ತಿದ್ದೆನೇ ಹೊರತು ಹತ್ತಿರಲಿಲ್ಲ. ಮದುವೆಗೆ ಹೋದಾಗಲೇ ಮೊದಲು. ಬಾವಲಿಯ ಹೊಳೆ ದಾಟುತ್ತಿದ್ದಂತೆ ಅಂಗಡಿಗಳ ಬೋರ್ಡಿನ ಅಕ್ಷರ ಬದಲಾಯಿತು. ನಮ್ಮ ಕಡೆಯವರೆಲ್ಲ ಕಿಟಕಿಗೆ ಮುಖ ಅಂಟಿಸಿ ಕೂತರು. ನಮ್ಮೂರಿನಿಂದ ಮೈಸೂರಿಗೆ ಹೋಗುವಷ್ಟು ದೂರವೂ ಆಗಿರಲಿಲ್ಲ, ಆದರೆ ಎಲ್ಲಿಗೋ ಬಂದುಬಿಟ್ಟೆವೆಂದು ಎಲ್ಲರಿಗೂ ಅನ್ನಿಸಿತ್ತು.

ಮದುವೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ದೇವಸ್ಥಾನದ ಮುಂದೆ ತಾಳಿ ಕಟ್ಟಿಸಿದರು, ಹಾರ ಬದಲಾಯಿಸಿದರು, ಎಲೆ ಹಾಕಿದರು. ನಮ್ಮ ದೊಡ್ಡಪ್ಪ, "ಇಷ್ಟೇನಾ? ಧಾರೆ ಎಲ್ಲಿ?" ಎಂದು ಕೇಳುತ್ತಲೇ ಊಟಕ್ಕೆ ಕೂತ. ಅವ್ವ ಮಾತ್ರ ಊಟ ಮಾಡಲಿಲ್ಲ. ಹುಡುಗಿ ಉಟ್ಟಿದ್ದ ಸೀರೆ ಬಿಳಿಯದು. ಜರಿಯ ಅಂಚು ಅಗಲವಾಗಿತ್ತು ನಿಜ, ಆದರೆ ಮೈಯೆಲ್ಲ ಹಾಲು ಬಿಳಿ.

"ಬಿಳೀ ಸೀರೆ ಉಟ್ಕಂಡು ತಾಳಿ ಕಟ್ಟುಸ್ಕಂಡ್ಳಲ್ಲೇ" ಎಂದು ನನ್ನ ಕೈ ಹಿಡಿದುಕೊಂಡಳು.

ಬರುವಾಗ ಅಂತರಸಂತೆಯಲ್ಲಿ ನಮ್ಮ ನೆಂಟರ ಮನೆಯ ಮುಂದೆ ಅವ್ವ ವ್ಯಾನು ನಿಲ್ಲಿಸಿದಳು. ಮದುವಣಗಿತ್ತಿಯನ್ನು ಒಳಗೆ ಕರೆದುಕೊಂಡು ಹೋಗಿ, ತಾನು ತಂದಿದ್ದ ಹಸಿರು ಸೀರೆಯನ್ನು ಚೀಲದಿಂದ ತೆಗೆದು ಕೈಗಿಟ್ಟಳು. ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ತನ್ನ ಸೀರೆಗೆ ಏನಾದರೂ ಮೆತ್ತಿಕೊಂಡಿದೆಯೇನೋ ಎಂದು ಹಿಂದೆ ಮುಂದೆ ತಿರುಗಿ ನೋಡಿಕೊಂಡಳು. ನಾನು ಕೈಸನ್ನೆಯಲ್ಲಿ, ಬದಲಾಯಿಸು ಎಂದು ತೋರಿಸಿದೆ. ಅವಳು ಬಾಗಿಲಿಗೆ ಬೆನ್ನು ಮಾಡಿ ಬಿಳಿ ಸೀರೆ ಬಿಚ್ಚಿ ಮಡಿಸತೊಡಗಿದಳು. ಬಹಳ ಹೊತ್ತು ಮಡಿಸಿದಳು. ಅದು ಅವಳ ತಾಯಿ ಕೊಡಿಸಿದ ಸೀರೆಯೆಂದು ನನಗೆ ತಿಳಿದಿದ್ದು ವರ್ಷಗಳಾದ ಮೇಲೆ. ಅವಳು ಅದನ್ನು ನಮ್ಮ ಮನೆಯಲ್ಲಿ ಮತ್ತೆಂದೂ ಉಡಲಿಲ್ಲ.

ಮೊದಲ ವಾರ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಧ್ಯಾಹ್ನ ಅತ್ತಿಗೆ ಹಿತ್ತಲಿನಿಂದ ಬಂದು ಅವ್ವನ ಹತ್ತಿರ ಮೆಲ್ಲಗೆ, "ವೆಳ್ಳಂ" ಎಂದಳು. ಅವ್ವ ಸ್ವಲ್ಪ ಯೋಚಿಸಿ, ಡಬ್ಬದಿಂದ ಒಂದು ಅಚ್ಚು ಬೆಲ್ಲ ತಂದು ಅಂಗೈಗಿಟ್ಟಳು. ಅತ್ತಿಗೆ ಅದನ್ನು ನೋಡಿದಳು, ಅವ್ವನ ಮುಖ ನೋಡಿದಳು, ಅಲ್ಲೇ ನಿಂತು ತಿಂದಳು. ಅವಳು ಕೇಳಿದ್ದು ನೀರು. ಸಂಜೆ ನಾನು ಕಾಲೇಜಿನಿಂದ ಬಂದಾಗ ಅವ್ವ, "ಪಾಪ, ಬೆಲ್ಲ ಅಂದ್ರೆ ಬಲು ಆಸೆ ಕಣೇ ಅವ್ಳಿಗೆ" ಎಂದು ಅಕ್ಕರೆಯಿಂದ ಹೇಳಿದಳು. ನಾನು ಕೊಳಗದಿಂದ ನೀರು ಬಗ್ಗಿಸಿಕೊಂಡು ಕುಡಿಯುವಾಗ ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಲೋಟ ತೋರಿಸಿ "ವೆಳ್ಳಂ" ಎಂದಳು. ನಾನು "ನೀರು" ಎಂದೆ. ಹೀಗೆ ಶುರುವಾಯಿತು ನಮ್ಮಿಬ್ಬರ ಪಾಠ.

ಅವಳು ನನ್ನನ್ನು ಮೋಳೇ ಎಂದು ಕರೆಯುತ್ತಿದ್ದಳು. ಅವರ ಮಾತಿನಲ್ಲಿ ಮಗಳೇ ಎಂದು. ಕನ್ನಡ ಬೇಗ ಕಲಿತಳು, ಅದೂ ನಮ್ಮೂರಿನ ಕನ್ನಡ. ಹಾಲಿಗೆ ಆಲು, ಹೊಲಕ್ಕೆ ಒಲ. ವರ್ಷ ತುಂಬುವಷ್ಟರಲ್ಲಿ ಅವ್ವನಂತೆಯೇ "ಅದ್ಯಾಕಂಗಂದೀಯೆ ಬುಡು" ಎನ್ನುತ್ತಿದ್ದಳು. ಮಾತಿಗಿಂತ ಕಷ್ಟವಾದದ್ದು ಬೇರೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟುಕೊಂಡೇ ಒಲೆ ಹೊತ್ತಿಸುತ್ತಿದ್ದಳು. "ತಲೆ ಕೆದ್ರುಕೊಂಡು ಅಡ್ಗೆ ಮನೇಗೆ ಬರ್ಬ್ಯಾಡ ಕಣಮ್ಮಿ" ಎಂದು ಅವ್ವ ದಿನವೂ ಹೇಳುತ್ತಿದ್ದಳು. ಕೊಬ್ಬರಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ದಿನ ಅಪ್ಪ ತಟ್ಟೆ ಬಿಟ್ಟು ಎದ್ದ. ಮುದ್ದೆ ನುಂಗಲು ಬರದೆ ಅಗಿದು ಅಗಿದು ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ನಗುತ್ತಲೇ ತಿನ್ನುತ್ತಿದ್ದಳು. ಯಾರೂ ಅವಳನ್ನು ಹಿಂಸಿಸಲಿಲ್ಲ, ಅದನ್ನು ನಾನು ಹೇಳಲೇಬೇಕು. ನಮ್ಮ ಮನೆಯವರು ಒಳ್ಳೆಯವರು. ಅವಳು ತನ್ನ ಒಂದೊಂದೇ ಅಭ್ಯಾಸವನ್ನು ತಾನಾಗಿಯೇ ತೆಗೆದಿಟ್ಟಳು.

ಓದು ಮಾತ್ರ ಬಿಡಲಾಗಲಿಲ್ಲ. ಅಣ್ಣ ಹ್ಯಾಂಡ್‌ಪೋಸ್ಟಿಗೆ ಹೋದಾಗ ಕಾಕನ ಅಂಗಡಿಯಿಂದ ಬಾಳೆಹಣ್ಣಿನ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದ. ಮಲಯಾಳದ ಹಳೇ ಪೇಪರಿನಲ್ಲಿ ಸುತ್ತಿರುತ್ತಿತ್ತು. ಅತ್ತಿಗೆ ಬಜ್ಜಿಯನ್ನು ತಟ್ಟೆಗೆ ಹಾಕಿ ಎಲ್ಲರಿಗೂ ಹಂಚಿ, ಆ ಕಾಗದವನ್ನು ತೊಡೆಯ ಮೇಲೆ ಹರಡಿ, ಎಣ್ಣೆಯ ಕಲೆಯೊಳಗೆ ಬೆರಳಿಟ್ಟು ಓದುತ್ತಿದ್ದಳು. ಯಾವುದೋ ತಿಂಗಳ ಸುದ್ದಿ, ಅರ್ಧ ಹರಿದದ್ದು. ಅಣ್ಣ ಒಂದೆರಡು ಸಲ ಇದನ್ನು ನೋಡಿದ. ಆಮೇಲೆ ಅವನು ತರುತ್ತಿದ್ದ ಪೊಟ್ಟಣ ದಪ್ಪವಾಗತೊಡಗಿತು. ಬಜ್ಜಿ ನಾಲ್ಕೇ, ಪೇಪರು ಏಳೆಂಟು ಸುತ್ತು.

"ಇದ್ಯಾಕಪ್ಪ ಇಷ್ಟೊಂದು ಸುತ್ತವ್ನೆ ಆ ಕಾಕ?" ಎಂದಳು ಅವ್ವ.

"ಎಣ್ಣೆ ಸೋರ್ತದೆ ಅಂತ" ಎಂದ ಅಣ್ಣ, ಯಾರ ಮುಖವನ್ನೂ ನೋಡದೆ.

ನನ್ನ ಅಣ್ಣ ಹೆಂಡತಿಗೆ ಪ್ರೀತಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಮದುವೆಯಾದ ಎರಡನೇ ವರ್ಷಕ್ಕೆ ಮಗಳು ಹುಟ್ಟಿದಳು. ಬಾಣಂತನಕ್ಕೆ ತವರಿಗೆ ಹೋಗಬೇಕಿತ್ತು, ಆದರೆ ಅಲ್ಲಿ ಮೆಣಸಿನ ಬಳ್ಳಿಗಳಿಗೆ ಸೊರಗು ರೋಗ ಬಂದು, ಕಾಳಿನ ಬೆಲೆಯೂ ಬಿದ್ದು, ಅವಳ ತಮ್ಮ ತೋಟ ಬಿಟ್ಟು ಗಲ್ಫಿಗೆ ಹೋಗುವ ತಯಾರಿಯಲ್ಲಿದ್ದ. ತಾಯಿಯೇ ಇಲ್ಲಿಗೆ ಬಂದು ಕೆಲವು ದಿನ ಇದ್ದು ಹೋದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತಿಗೆ ತನ್ನ ಭಾಷೆಯಲ್ಲೇ ಲಾಲಿ ಹಾಡುತ್ತಿದ್ದಳು. ಅವ್ವ ಪಕ್ಕದಲ್ಲಿ ಕೂತು ನಮ್ಮ ಪದ ಹಾಡುತ್ತಿದ್ದಳು. ಮಗು ಎರಡಕ್ಕೂ ಮಲಗುತ್ತಿತ್ತು.

ಆ ದಿನಗಳಲ್ಲೇ ಶುಂಠಿಯವರು ಬಂದರು.

ದೂರದ ಯಾವುದೋ ದೇಶದಲ್ಲಿ ಬೆಳೆ ಹೆಚ್ಚಾದರೆ ವೈನಾಡಿನಲ್ಲಿ ಕಾಳುಮೆಣಸಿನ ಬೆಲೆ ಏಕೆ ಬೀಳಬೇಕು ಎನ್ನುವುದು ನಮಗೆ ತಿಳಿಯುತ್ತಿರಲಿಲ್ಲ. ಆದರೆ ಬೆಲೆ ಬಿದ್ದಿದ್ದರಿಂದಲೇ ಅಲ್ಲಿಯ ರೈತರು ಕಾಡು ದಾಟಿ ನಮ್ಮ ಕಡೆ ಬಂದರು. ಸರಗೂರು, ಕೋಟೆ, ಹುಣಸೂರು, ಹಾರನಹಳ್ಳಿ ಸುತ್ತಮುತ್ತ ಜೀಪುಗಳು ಓಡಾಡತೊಡಗಿದವು. ನೀರಿರುವ ಹೊಲವನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಿದ್ದರು. ನಮ್ಮೂರಿಗೂ ಒಂದು ಜೀಪು ಬಂತು. ಅದರಿಂದ ಇಳಿದ ಲುಂಗಿಯ ಗಂಡಸರ ಮಾತು ಯಾರಿಗೂ ಅರ್ಥವಾಗದೆ ಊರವರು ನಮ್ಮ ಮನೆಗೆ ಕರೆದುಕೊಂಡು ಬಂದರು.

"ಏ ಮಗಾ, ನಿಮ್ಮೋರು ಬಂದವ್ರೆ, ಅದೇನು ಕೇಳವ್ವ" ಎಂದ ಪಕ್ಕದ ಮನೆಯ ದೊಡ್ಡಪ್ಪ.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಮೊದಲು ತಡವರಿಸಿದಳು. ಆಮೇಲೆ ಮಾತು ಹೊರಟಿತು. ಅವಳ ಕೈ ಆಡುತ್ತಿತ್ತು, ಹುಬ್ಬು ಆಡುತ್ತಿತ್ತು. ಜೀಪಿನವನೊಬ್ಬ ಏನೋ ಅಂದ, ಅವಳು ತಕ್ಷಣ ತಿರುಗಿಸಿ ಏನೋ ಹೇಳಿದಳು, ಬಂದವರೆಲ್ಲ ಗೊಳ್ಳೆಂದು ನಕ್ಕರು. ಅವಳೂ ತಲೆ ಹಿಂದಕ್ಕೆ ಎಸೆದು ನಕ್ಕಳು. ಅಷ್ಟು ದೊಡ್ಡ ನಗು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ನಡುವೆ ಅವಳು ಮೆಲುಮಾತಿನ ಹೆಂಗಸು, ಎಲ್ಲದಕ್ಕೂ ಹೂಂ ಎನ್ನುವವಳು. ಆವತ್ತು ಜಗಲಿಯ ಮೇಲೆ ನಿಂತಿದ್ದವಳು ಚುರುಕು ಮಾತಿನ ತುಂಟ ಹೆಣ್ಣು.

ಅವ್ವ ಬಾಗಿಲಲ್ಲಿ ನಿಂತು, "ಇವ್ಳಿಗೆ ಇಷ್ಟೊಂದು ಮಾತು ಬತ್ತದಾ?" ಎಂದಳು ಬೆರಗಾಗಿ.

ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಅವನಿಗೆ ಸಿಟ್ಟು ಬಂದಿರಲಿಲ್ಲ. ನನ್ನ ಹತ್ತಿರ ಬಗ್ಗಿ, "ಏನಂದ್ಳು? ಯಾಕೆ ನಗ್ತಾವ್ರೆ?" ಎಂದ. ನನಗೂ ಅಷ್ಟು ವೇಗದ ಮಾತು ಪೂರ್ತಿ ಸಿಕ್ಕಿರಲಿಲ್ಲ. ಗೊತ್ತಿಲ್ಲ ಎಂದೆ. ಅವನು ಅವಳನ್ನೇ ನೋಡುತ್ತಾ ನಿಂತ. ಸಂತೆಯಲ್ಲಿ ಕೈ ತಪ್ಪಿಸಿಕೊಂಡವರ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. ಅದಾದ ಮೇಲೆ ಅಣ್ಣ ನನ್ನಿಂದ ಗುಟ್ಟಾಗಿ ಕೆಲವು ಪದ ಕೇಳಿ ಕಲಿತ. ಒಂದು ದಿನ ಊಟಕ್ಕೆ ಕೂತವನು "ಚೋರು" ಎಂದು ಅನ್ನ ಕೇಳಿದ. ಅತ್ತಿಗೆ ನಾಚಿ, "ಅಯ್ಯೋ, ಕನ್ನಡದಲ್ಲೇ ಕೇಳಿ" ಎಂದು ಒಳಗೆ ಓಡಿದಳು. ಅವನು ಮತ್ತೆ ಆ ಸಾಹಸಕ್ಕೆ ಹೋಗಲಿಲ್ಲ.

ಎರಡು ಮೂರು ವರ್ಷ ಊರಿನಲ್ಲಿ ಅತ್ತಿಗೆಗೆ ಒಂದು ಜಾಗವಿತ್ತು. ಗುತ್ತಿಗೆ ಮಾತಾಡಲು, ಕೂಲಿ ಜಗಳ ಬಿಡಿಸಲು, ಶುಂಠಿ ಕೆಲಸಕ್ಕೆ ಬಂದ ಹೆಂಗಸರಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯಲು ಎಲ್ಲದಕ್ಕೂ ಅವಳೇ ಬೇಕು. ಆ ಕೆಲಸದ ಹೆಂಗಸರು ಸಂಜೆ ನಮ್ಮ ಹಿತ್ತಲಿಗೆ ಬಂದು ಅವಳ ಜೊತೆ ಕೂರುತ್ತಿದ್ದರು. ಒಣಮೀನು ಸುಟ್ಟ ವಾಸನೆ ಬರುತ್ತಿತ್ತು. ಅವ್ವ ಮೂಗಿಗೆ ಸೆರಗು ಹಿಡಿದುಕೊಂಡರೂ ಬೇಡ ಅನ್ನಲಿಲ್ಲ.

ಆ ನಡುವೆ ನನಗೆ ಮದುವೆಯಾಯಿತು. ಕೆ.ಆರ್. ನಗರದ ಕಡೆಯ ನಾಲೆ ನೀರಿನ ಊರು. ಭತ್ತ ಬೆಳೆಯುವವರು. ನನ್ನ ಮಾತು ಕೇಳಿ ನಾದಿನಿಯರು, "ಕ್ವಾಟೆ ಕಾಡ್ನೋಳು" ಎಂದು ಛೇಡಿಸುತ್ತಿದ್ದರು. ಒಂದೇ ಜಿಲ್ಲೆ, ಒಂದೇ ಭಾಷೆ, ಒಂದೇ ಜಾತಿ. ಅಷ್ಟಕ್ಕೇ ನಾನು ಮೊದಲ ತಿಂಗಳೆಲ್ಲ ಬಚ್ಚಲಲ್ಲಿ ಅತ್ತೆ. ಹಾಗೆ ಅಳುವಾಗ ನನಗೆ ನೆನಪಾಗುತ್ತಿದ್ದುದು ನನ್ನ ಅವ್ವನಲ್ಲ, ಅತ್ತಿಗೆ.

ಗುತ್ತಿಗೆ ಮುಗಿದು ಶುಂಠಿಯವರು ಬೇರೆ ಊರಿನ ಹೊಸ ಹೊಲಗಳಿಗೆ ಹೋದರು. ಬಿಟ್ಟುಹೋದ ಹೊಲಗಳಲ್ಲಿ ರಾಗಿ ಮೊದಲಿನಂತೆ ಬರಲಿಲ್ಲ. ಅವರು ಹೊಡೆದ ಔಷಧಿಯಿಂದ ಮಣ್ಣು ಸತ್ತಿತು ಎಂದು ಜನ ಹೇಳಿದರು. ಕೆರೆಯಲ್ಲಿ ಮೀನು ತೇಲಿದ್ದಕ್ಕೂ, ಬಾವಿ ಬತ್ತಿದ್ದಕ್ಕೂ ಅದೇ ಕಾರಣ ಹೇಳಿದರು. ಇರಬಹುದು. ಆದರೆ ಹೊಲ ಕೊಟ್ಟಿದ್ದು ಊರವರೇ, ಆ ಗುತ್ತಿಗೆ ದುಡ್ಡಲ್ಲಿ ಮನೆಗೆ ತಾರಸಿ ಹಾಕಿಸಿಕೊಂಡಿದ್ದೂ ಅವರೇ. ಶುಂಠಿಯವರು ಕಣ್ಣ ಮುಂದೆ ಇರಲಿಲ್ಲ. ಕಣ್ಣ ಮುಂದೆ ಇದ್ದವಳು ಅತ್ತಿಗೆ.

ಗೌರಿ ಹಬ್ಬಕ್ಕೆ ನಾನು ತವರಿಗೆ ಬಂದಿದ್ದೆ. ಇಬ್ಬರೂ ನೀರಿಗೆ ಹೋದೆವು. ನಲ್ಲಿಯ ಹತ್ತಿರ ಒಬ್ಬ ಹೆಂಗಸು ಬಿಂದಿಗೆ ಎತ್ತುತ್ತಾ, ಇವಳಿಗೆ ಕೇಳುವಂತೆಯೇ, "ನಿಮ್ಮೋರು ಬಂದು ನಮ್ಮ ಒಲ ಆಳು ಮಾಡಿ ಓದ್ರು, ಇನ್ನು ನೀರಿಗೂ ಸಾಲಲ್ಲಿ ನಿಂತ್ಕೋಬೇಕು" ಎಂದಳು.

ಅತ್ತಿಗೆ ಬಿಂದಿಗೆ ಕೆಳಗಿಟ್ಟಳು. "ನಮ್ಮೋರಾ? ನಮ್ಮೋರು ಯಾರಕ್ಕ? ನನ್ನ ಮಗಳು ಇಲ್ಲೇ ಉಟ್ಟಿರೋದು. ನನ್ನ ಒಲ ಇಲ್ಲೇ ಇರೋದು. ಅದೂ ಆಳಾಗದೆ" ಎಂದಳು. ಒಂದಕ್ಷರವೂ ತಪ್ಪದ ನಮ್ಮೂರ ಕನ್ನಡ. ಆ ಹೆಂಗಸು ಬಿಂದಿಗೆ ಸೊಂಟಕ್ಕೇರಿಸಿಕೊಂಡು ಹೋದಳು. ಮನೆಯ ಹತ್ತಿರ ಬಂದಾಗ ಅತ್ತಿಗೆ, "ಮೋಳೇ, ನಾನು ಒಂದ್ಸಲ ಊರಿಗೆ ಓಗಿ ಬತ್ತೀನಿ. ನೀನೂ ಬಾ" ಎಂದಳು.

ಹಬ್ಬ ಮುಗಿಸಿ ಹೋದೆವು, ಅವಳು, ನಾನು, ಆಗ ಶಾಲೆಗೆ ಹೋಗುತ್ತಿದ್ದ ಅವಳ ಮಗಳು. ಬಸ್ಸು ಕಾಡು ದಾಟುವವರೆಗೂ ಅತ್ತಿಗೆ ಮಗಳಿಗೆ ತನ್ನ ಮನೆಯ ವರ್ಣನೆ ಮಾಡುತ್ತಿದ್ದಳು. ಹೆಂಚಿನ ಮನೆ, ಅಂಗಳದಲ್ಲಿ ಹಲಸಿನ ಮರ, ಕಲ್ಲು ಕಟ್ಟಿದ ಬಾವಿ. ಹೋಗಿ ನೋಡಿದರೆ ಆ ಮನೆ ಇರಲಿಲ್ಲ. ಗಲ್ಫಿಗೆ ಹೋದ ತಮ್ಮ ಹಳೆಯದನ್ನು ಕೆಡವಿ ಎರಡು ಮಹಡಿಯ ಮನೆ ಕಟ್ಟಿಸಿದ್ದ. ಗುಲಾಬಿ ಬಣ್ಣ, ನೀಲಿ ಗಾಜು. ಹಲಸಿನ ಮರದ ಜಾಗದಲ್ಲಿ ಕಾರು ನಿಲ್ಲಿಸುವ ಶೆಡ್ಡು, ಕಾರು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ತಮ್ಮನ ಹೆಂಡತಿ ಮತ್ತು ಹಿಂಬದಿಯ ಕೋಣೆಯಲ್ಲಿ ತಾಯಿ, ಇಬ್ಬರೇ.

ತಮ್ಮನ ಹೆಂಡತಿ ಆದರದಿಂದಲೇ ನೋಡಿಕೊಂಡಳು. ಆದರೆ ಅತ್ತಿಗೆ ಎರಡು ಮಾತಾಡುವಷ್ಟರಲ್ಲಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನೆರೆಯವರೂ ಬಂದು ನಕ್ಕರು. ಅವಳ ಮಲಯಾಳದಲ್ಲಿ ಅಲ್ಲಲ್ಲಿ ನಮ್ಮೂರು ಇಣುಕುತ್ತಿತ್ತು. "ಕನ್ನಡಕ್ಕಾರಿ ಆಗಿಬಿಟ್ಟಳು" ಎಂದು ಒಬ್ಬಳು ಮುದುಕಿ ಹೇಳಿದ್ದು ನನಗೂ ಅರ್ಥವಾಯಿತು. ಮಗಳಂತೂ ತಾಯಿಯ ಸೀರೆ ಹಿಡಿದು, "ಅವ್ವ, ಇಲ್ಲಿ ಅಂಗೆ ಮಾತಾಡ್ಬೇಡ, ಎಲ್ಲ ನಗ್ತಾರೆ" ಎಂದಳು. ಊರಿನಲ್ಲೂ ಗೆಳತಿಯರ ಮುಂದೆ ಮಲಯಾಳ ಆಡಬೇಡ ಎಂದು ಆ ಮಗು ತಾಯಿಯನ್ನು ತಡೆಯುತ್ತಿತ್ತು. ಈಗ ಇಲ್ಲೂ ಬೇಡ.

ಎರಡನೇ ದಿನ ಬೆಳಿಗ್ಗೆ ಅತ್ತಿಗೆ ಹಿಂಬದಿಯ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಹೋದವಳು ಕಾಲು ಜಾರಿ ಬಿದ್ದಳು. ಬೀಳುವಾಗ ಕೂಗಿದಳು, "ಅಯ್ಯೋ ಅವ್ವಾ!"

ತಾಯಿ ಬಾಗಿಲಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದರು. ಮಗಳು ಬಿದ್ದದ್ದು ನೋಡಿ ಏಳಲು ಹೋದವರು ಆ ಕೂಗು ಕೇಳಿ ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಓಡಿ ಬಂದು ಎತ್ತಿದರು, ಮೊಣಕೈ ಸವರಿದರು. ಅವರ ಮುಖ ನಾನು ನೋಡಿದೆ. ಅಮ್ಮೇ ಎಂದು ಕರೆಯಬೇಕಾದ ಮಗಳು ನೋವಿನಲ್ಲಿ ಬೇರೊಬ್ಬಳನ್ನು ಕರೆದಿದ್ದಳು. ಅತ್ತಿಗೆಗೂ ಅದು ಹೊಳೆದಿರಬೇಕು. ಒದ್ದೆ ಬಟ್ಟೆಯಲ್ಲೇ ತಾಯಿಯ ಹೆಗಲಿಗೆ ಹಣೆ ಒತ್ತಿ ಬಹಳ ಹೊತ್ತು ಕೂತಿದ್ದಳು. ಸಂಜೆಯ ಬಸ್ಸಿಗೇ ಹೊರಟೆವು. ಇನ್ನೂ ಎರಡು ದಿನ ಇರುವ ಮಾತಿತ್ತು.

ಬಸ್ಸಿನಲ್ಲಿ ಅವಳು, "ಅಲ್ಲಿ ನಾನು ನೆಂಟ್ರು ಕಣೇ" ಎಂದಳು. ಬಾವಲಿಯ ಹೊಳೆ ದಾಟಿದ ಮೇಲೆ, "ಇಲ್ಲೂ" ಎಂದಳು.

ಇದಾದ ಮೇಲೆ ಅವಳು ಮಲಯಾಳ ಮಾತಾಡಿದ್ದನ್ನು ನಾನು ಕೇಳಲಿಲ್ಲ. ನನ್ನನ್ನು ಮಾತ್ರ ಮೋಳೇ ಎನ್ನುತ್ತಿದ್ದಳು. ಅಣ್ಣ ತರುವ ಪೇಪರುಗಳನ್ನು ಮಡಿಸಿ ಅಟ್ಟದ ಮೇಲಿಡುತ್ತಿದ್ದಳು, ಓದುತ್ತಿದ್ದಳೋ ಇಲ್ಲವೋ ತಿಳಿಯದು. ಮಗಳು ಹೈಸ್ಕೂಲಿಗೆ ಹೋಗುವಷ್ಟರಲ್ಲಿ ಊರಿನ ಹೊಸ ಸೊಸೆಯರಿಗೆ ಇವಳು ಹೊರಗಿನವಳೆಂದೇ ಗೊತ್ತಿರಲಿಲ್ಲ. ಅವ್ವನಿಗೆ ಅದು ಹೆಮ್ಮೆಯ ವಿಷಯ. "ನಮ್ಮೂರೋಳೇ ಆಗೋದ್ಳು" ಎಂದು ಎಲ್ಲರ ಮುಂದೆಯೂ ಹೇಳುತ್ತಿದ್ದಳು.

ಮಗಳು ಹೈಸ್ಕೂಲು ಸೇರಿದ ವರ್ಷ ಸುಗ್ಗಿಯಲ್ಲಿ ಕಣದಲ್ಲಿ ರಾಗಿ ತೂರುತ್ತಿದ್ದಾಗ ಅತ್ತಿಗೆಯ ಕೈಯಿಂದ ಮೊರ ಜಾರಿತು. ಬಾಯಿ ಒಂದು ಕಡೆಗೆ ಎಳೆದಿತ್ತು. ಕೋಟೆಯಿಂದ ಮೈಸೂರಿಗೆ ಕಳಿಸಿದರು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ನಾನು ಕೆ.ಆರ್. ನಗರದಿಂದ ಆಸ್ಪತ್ರೆಗೆ ಓಡಿದಾಗ ಅವಳಿಗೆ ಎಚ್ಚರ ಬಂದಿತ್ತು. ಕಣ್ಣು ತೆರೆದಿದ್ದಳು, ಮಾತಾಡುತ್ತಿದ್ದಳು. ಅಣ್ಣ ಮಂಚದ ಪಕ್ಕ ನಿಂತು ನನ್ನನ್ನು ಕಂಡ ಕೂಡಲೇ, "ಬಾ ಬಾ, ಅದೇನು ಯೋಳ್ತಾವ್ಳೆ ನೋಡು. ನಂಗೊಂದೂ ತಿಳೀದು" ಎಂದ.

ಅವಳ ಕನ್ನಡ ಹೋಗಿತ್ತು. ಹತ್ತು ವರ್ಷಕ್ಕೂ ಮೇಲೆ ದಿನವಿಡೀ ಆಡಿದ ಮಾತು ಒಂದೂ ಉಳಿದಿರಲಿಲ್ಲ. ಅಣ್ಣ ಏನು ಕೇಳಿದರೂ ಅವನ ಬಾಯನ್ನೇ ನೋಡುತ್ತಿದ್ದಳು. ಮಗಳು "ಅವ್ವಾ" ಎಂದು ಕೈ ಹಿಡಿದರೆ ಗುರುತು ಹತ್ತಿ ಕಣ್ಣು ತುಂಬುತ್ತಿತ್ತು, ಬಾಯಿಂದ ಬರುತ್ತಿದ್ದುದು ಮಾತ್ರ ಮಲಯಾಳ. ಹಾಗೆ ಆಗುವುದುಂಟು, ಮೊದಲು ಕಲಿತದ್ದು ಉಳಿದು ಆಮೇಲೆ ಕಲಿತದ್ದು ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ನನಗೆ ಬರುತ್ತಿದ್ದುದು ಅಡುಗೆ ಮನೆಯ ನಾಲ್ಕು ಮಾತು. ಅವಳ ನಾಲಗೆಯೂ ತೊದಲುತ್ತಿತ್ತು. ಅಲ್ಲೊಂದು ಇಲ್ಲೊಂದು ಪದ ಸಿಗುತ್ತಿತ್ತು, ಉಳಿದದ್ದು ಕೈಗೆ ಬಾರದೆ ಹೋಗುತ್ತಿತ್ತು.

ಆ ವಾರ್ಡಿನಲ್ಲಿ ಒಬ್ಬ ಮಲಯಾಳಿ ನರ್ಸ್ ಇದ್ದರು. ಮಧ್ಯಾಹ್ನ ಡ್ಯೂಟಿಗೆ ಬಂದವರು ಅತ್ತಿಗೆಯ ಮಾತು ಕಿವಿಗೆ ಬಿದ್ದೊಡನೆ ಟ್ರೇ ಕೆಳಗಿಟ್ಟು, "ಚೇಚ್ಚಿ", ಅಕ್ಕಾ ಎಂದು ಕರೆಯುತ್ತಾ ಮಂಚದ ಅಂಚಿಗೆ ಕೂತರು. ಅತ್ತಿಗೆ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಾತು, ಮಾತು. ಉಸಿರು ಕಟ್ಟಿದರೂ ನಿಲ್ಲದ ಮಾತು. ಅಣ್ಣ ಈ ಕಡೆ, ಮಗಳು ಆ ಕಡೆ, ನಾನು ಕಾಲ ಬಳಿ. ನಾವು ಮೂವರೂ ಆ ಗುರುತಿಲ್ಲದ ನರ್ಸಿನ ಮುಖ ನೋಡುತ್ತಾ ನಿಂತೆವು.

"ಏನಂತೆ ಸಿಸ್ಟರ್? ಅವ್ರ ಅಮ್ಮನ್ನ ಕೇಳ್ತಾವ್ಳಾ? ಊರಿಗೆ ಓಗ್ಬೇಕಂತಾ?" ಎಂದ ಅಣ್ಣ. "ಓಗ್ಬೇಕು ಅಂದ್ರೆ ಯೋಳಿ, ಕರ್ಕಂಡು ಓಗ್ತೀನಿ."

ನರ್ಸ್ ತಲೆಯಾಡಿಸಿದರು. ಅವರ ಕನ್ನಡ ಮುರುಕಲು. "ಇಲ್ಲ ಅಣ್ಣ. ಕಣದಲ್ಲಿ ರಾಗಿ ಹಾಗೇ ಬಿಟ್ಟು ಬಂದಿದೆ, ಮಳೆ ಬಂದ್ರೆ ನೆನೀತದೆ, ಟಾರ್ಪಾಲು ಮುಚ್ಚಿ ಅಂತಾರೆ. ಮಗಳಿಗೆ ಪರೀಕ್ಷೆ ಇದೆ, ಇಲ್ಲಿ ಯಾಕೆ ನಿಲ್ಲಿಸಿದ್ದೀರಿ ಅಂತಾರೆ. ಅತ್ತೆಗೆ ಮಂಡಿ ನೋವು, ನೀರು ಹೊರಬಾರದು ಅಂತಾರೆ." ಅತ್ತಿಗೆಯ ಕೈ ಸವರಿ, "ನಾನು ಹೇಳೋದು ಇವರಿಗೆ ಯಾಕೆ ತಿಳಿಯೋದಿಲ್ಲ ಅಂತ ಕೇಳ್ತಾರೆ" ಎಂದರು.

ಅಣ್ಣ ಕಿಟಕಿಯ ಕಡೆಗೆ ತಿರುಗಿಕೊಂಡ.

ಆ ನರ್ಸ್ ಕೆಲವು ದಿನ ಬಿಡುವಾದಾಗಲೆಲ್ಲ ಬಂದು ಕೂರುತ್ತಿದ್ದರು. ಅತ್ತಿಗೆ ಅವರ ದಾರಿಯನ್ನೇ ಕಾಯುತ್ತಿದ್ದಳು. ಆದರೆ ಅವರಿಗೆ ವಿದೇಶದ ವೀಸಾ ಬಂದಿತ್ತು, ಕೆಲಸ ಬಿಡುವ ದಿನ ಮೊದಲೇ ನಿಶ್ಚಯವಾಗಿತ್ತು. ಹೊರಡುವ ಮುಂಚೆ ಅತ್ತಿಗೆಯ ತಲೆ ಬಾಚಿ, ಹಣೆಗೆ ಕುಂಕುಮ ಇಟ್ಟು ಹೋದರು. ಅವರ ಜಾಗಕ್ಕೆ ಬಂದವರು ಬಿಜಾಪುರದ ಕಡೆಯ ಹುಡುಗಿ. ಅದಾದ ಮೇಲೆ ಅತ್ತಿಗೆ ಮಾತು ಕಡಿಮೆ ಮಾಡಿದಳು. ಅಣ್ಣ ತನಗೆ ಬರುತ್ತಿದ್ದ ಐದಾರು ಪದಗಳನ್ನು ಒಂದಾದ ಮೇಲೊಂದು ಹೇಳುತ್ತಿದ್ದ. ಅನ್ನ, ನೀರು, ಮಗಳು, ಚಳಿ. ಅರ್ಥವಿಲ್ಲದೆ ಬರೀ ಪದಗಳು. ಅವಳು ಅವನ ಕೆನ್ನೆ ಸವರುತ್ತಿದ್ದಳು. ಎರಡನೇ ಸಲ ರಕ್ತಸ್ರಾವವಾದಾಗ ಉಳಿಯಲಿಲ್ಲ.

ತಮ್ಮನಿಗೆ ಗಲ್ಫಿನಿಂದ ಬರಲು ರಜೆ ಸಿಗಲಿಲ್ಲ. ಫೋನಿನಲ್ಲಿ ಅತ್ತ. ತಾಯಿಯನ್ನು ನೆರೆಯವರೊಬ್ಬರು ಜೀಪಿನಲ್ಲಿ ಕರೆತಂದರು. ಅವರ ಕಡೆ ಸುಡುತ್ತಾರೆ, ನಮ್ಮಲ್ಲಿ ಹೊಲದಲ್ಲಿ ಹೂಳುತ್ತೇವೆ. ಅಣ್ಣ ಅವರ ಮುಂದೆ ಕೈಮುಗಿದು ನಿಂತು, ಹೇಗೆ ಮಾಡಲಿ ಎಂದು ನನ್ನ ಮುರುಕಲು ಮಲಯಾಳದ ಮೂಲಕ ಕೇಳಿದ. ಆ ಮುದುಕಿ ಸ್ವಲ್ಪ ಹೊತ್ತು ಹೊಲದ ಕಡೆ ನೋಡಿ, ಅವಳ ಗಂಡನ ಮನೆಯಲ್ಲಿ ಹೇಗೆ ಮಾಡುತ್ತಾರೋ ಹಾಗೆಯೇ ಆಗಲಿ ಎಂದರು. ಅವ್ವ ಸೊಸೆಗೆ ಕೆಂಪು ಸೀರೆ ಉಡಿಸಿದಳು.

ತಿಥಿ ಮುಗಿಯುವವರೆಗೂ ತಾಯಿ ನಮ್ಮ ಮನೆಯಲ್ಲೇ ಇದ್ದರು. ಬೆಳಿಗ್ಗೆ ಎದ್ದು ಅವರೂ ಅವ್ವನೂ ಜಗಲಿಯ ಮೇಲೆ ಅಕ್ಕಪಕ್ಕ ಕೂರುತ್ತಿದ್ದರು. ಅವ್ವ ಕನ್ನಡದಲ್ಲಿ ಸೊಸೆಯ ಗುಣಗಾನ ಮಾಡುತ್ತಿದ್ದಳು, ಅವರು ಮಲಯಾಳದಲ್ಲಿ ಮಗಳ ಬಾಲ್ಯದ ಕತೆ ಹೇಳುತ್ತಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಒಬ್ಬರು ಅತ್ತಾಗ ಇನ್ನೊಬ್ಬರೂ ಅಳುತ್ತಿದ್ದರು. ಮೊಮ್ಮಗಳು ಅಜ್ಜಿಯ ಹತ್ತಿರ ಬಂದು ಕೂರುವಳು. ಏನೋ ಕೇಳಬೇಕೆಂದು ಬಾಯಿ ತೆರೆಯುವಳು, ಮಾತು ಗೊತ್ತಿಲ್ಲದೆ ಸುಮ್ಮನಾಗುವಳು. ಅಜ್ಜಿ ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಹೆಣೆಯುತ್ತಿದ್ದರು. ದಿನಕ್ಕೆ ಎರಡೆರಡು ಸಲ ಹೆಣೆಯುತ್ತಿದ್ದರು.

ಹೊರಡುವ ದಿನ ಎಲ್ಲರೂ ಅಂತರಸಂತೆಯವರೆಗೆ ಹೋದೆವು. ಮಾನಂದವಾಡಿ ಬಸ್ಸು ಬಂತು. ಅಜ್ಜಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, ಮೊಮ್ಮಗಳ ಗಲ್ಲ ಹಿಡಿದು ಏನೋ ಹೇಳಿ ಹತ್ತಿದರು. ಬಸ್ಸು ಹೋಯಿತು.

"ಅತ್ತೆ, ಅಜ್ಜಿ ಏನಂದ್ರು?" ಎಂದು ಹುಡುಗಿ ನನ್ನನ್ನು ಕೇಳಿದಳು.

"ಹೋಗಿ ಬರ್ತೀನಿ ಅಂದ್ರು" ಎಂದೆ.

"ಅವ್ರ ಕಡೇಲೂ ಅಂಗೇ ಅಂತಾರಾ?"

"ಹೂಂ, ಅಂಗೇ ಅಂತಾರೆ."

ಅವಳು ರಸ್ತೆಯನ್ನೇ ನೋಡುತ್ತಾ ಆ ಮಾತನ್ನು ಮಲಯಾಳದಲ್ಲಿ ಹೇಗೆ ಅನ್ನುವುದೆಂದು ಕೇಳಿದಳು. "ಪೋಯಿಟ್ಟು ವರಾಂ" ಎಂದು ಹೇಳಿಕೊಟ್ಟೆ. ಎರಡು ಮೂರು ಸಲ ಮೆಲ್ಲಗೆ ಹೇಳಿಕೊಂಡಳು, ಸರಿಯಾಗಿ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ರಸ್ತೆಗೆ ಮರ ಬಿದ್ದು ಬಸ್ಸು ನಿಂತಿದ್ದರಿಂದ ನಮಗೆ ಹೋಗಲಾಗಲಿಲ್ಲ.